ಟೆಸ್ಟ್ ಲಾಗ್‌ನಿಂದ ತಾನಾಗೇ ಬಗ್ ರಿಪೋರ್ಟ್: ಟಿಕೆಟ್ ರಾಶಿ ಬೀಳದಂತೆ ಮಾಡುವ ಕ್ರಮ

ಟೆಸ್ಟ್ ಫೇಲ್ ಆದ ತಕ್ಷಣ ಬಗ್ ರಿಪೋರ್ಟ್ (ಟಿಕೆಟ್) ತಾನಾಗೇ ಬೀಳಲಿ ಅಂತ ಸ್ಕ್ರಿಪ್ಟ್ ಬರೆಯುವವರು ಬಹಳ ಜನ. ಹೆಚ್ಚಿನವರದ್ದು ಒಂದೇ ಕಥೆ. ಮೊದಲ ವಾರ ಚೆನ್ನಾಗಿ ಓಡುತ್ತದೆ. ಆಮೇಲೊಂದು ರಾತ್ರಿ ಟೆಸ್ಟ್ ಸರ್ವರ್ ಮಲಗಿಬಿಡುತ್ತದೆ, ಬೆಳಿಗ್ಗೆ ನೋಡಿದರೆ ನೂರಾರು ಟಿಕೆಟ್. ಟೀಮ್‌ನವರು ಬೇಸತ್ತು ಆ ನೋಟಿಫಿಕೇಶನ್‌ಗಳನ್ನೇ ಮ್ಯೂಟ್ ಮಾಡುತ್ತಾರೆ. ಅಲ್ಲಿಂದ ಮುಂದೆ ನಿಜವಾದ ಬಗ್ ಬಂದರೂ ಯಾರೂ ತೆರೆದು ನೋಡುವುದಿಲ್ಲ.

ಟಿಕೆಟ್ ಹಾಕುವುದಕ್ಕೆ ಒಂದು ಎಪಿಐ ಕಾಲ್ ಸಾಕು. ಯಾವುದಕ್ಕೆ ಹಾಕಬಾರದು ಅಂತ ತೀರ್ಮಾನಿಸುವುದೇ ಕಷ್ಟದ ಕೆಲಸ. ಈ ಮಾರ್ಗದರ್ಶಿಯ ಹೆಚ್ಚಿನ ಪಾಲು ಅದಕ್ಕೇ ಮೀಸಲು. ಉದಾಹರಣೆಗೆ ಪೈಟೆಸ್ಟ್ (ಪೈಥಾನ್ ಟೆಸ್ಟ್ ಓಡಿಸುವ ಟೂಲ್), ಗಿಟ್‌ಹಬ್ ಆಕ್ಷನ್ಸ್ (ಅದನ್ನು ತಾನಾಗೇ ಓಡಿಸುವ ಸೇವೆ) ಮತ್ತು ಗಿಟ್‌ಹಬ್ ಇಶ್ಯೂಸ್ (ಟಿಕೆಟ್ ಇಡುವ ಜಾಗ) ತೆಗೆದುಕೊಂಡಿದ್ದೇನೆ. ಆಕ್ಷನ್ಸ್ ಬದಲು ಜೆಂಕಿನ್ಸ್, ಇಶ್ಯೂಸ್ ಬದಲು ಜಿರಾ ಬಳಸುವವರಿಗೆ ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲಿ ಹೇಳುತ್ತೇನೆ.

## ಮೊದಲು ಇವು ಕೈಯಲ್ಲಿರಲಿ

- ಪೈಥಾನ್ 3. ಎಕ್ಸ್‌ಎಂಎಲ್ ಓದಲು, ರೆಜೆಕ್ಸ್‌ಗೆ (ಪಠ್ಯದಲ್ಲಿ ಮಾದರಿ ಹುಡುಕಲು), ಹ್ಯಾಶ್‌ಗೆ (ಪಠ್ಯದಿಂದ ಚಿಕ್ಕ ಗುರುತು ಮಾಡಲು) ಅದರ ಜೊತೆ ಬರುವ ಲೈಬ್ರರಿಗಳೇ ಸಾಕು.
- ಇಶ್ಯೂ ಬರೆಯುವ ಅನುಮತಿ ಮಾತ್ರ ಇರುವ ಟೋಕನ್. ನಿಮ್ಮ ಸ್ವಂತ ಅಕೌಂಟಿನ ಪೂರ್ತಿ ಅಧಿಕಾರದ ಟೋಕನ್ ಕೊಡಬೇಡಿ.
- ಪ್ರಯೋಗಕ್ಕೆ ಒಂದು ಖಾಲಿ ರೆಪೊ (ಕೋಡ್ ಇಡುವ ಜಾಗ).
- ‘ಆಟೋ-ಬಗ್’ ಥರದ ಒಂದು ಲೇಬಲ್, ಮುಂಚೆಯೇ ಮಾಡಿಟ್ಟದ್ದು. ಗಿಟ್‌ಹಬ್‌ನ ಕಮಾಂಡ್‌ಲೈನ್ ಟೂಲ್‌ಗೆ ಇಲ್ಲದ ಲೇಬಲ್ ಕೊಟ್ಟರೆ ಅದು ಎರರ್ ಕೊಟ್ಟು ನಿಲ್ಲುತ್ತದೆ.
- ಹಳೆಯ ಓಟಗಳ (ಟೆಸ್ಟ್ ರನ್‌ಗಳ) ರಿಸಲ್ಟ್ ಫೈಲ್‌ಗಳು, ಎಷ್ಟು ಸಿಕ್ಕರೆ ಅಷ್ಟು. ಹಂತ 5ರಲ್ಲಿ ಇವಿಲ್ಲದೆ ಕೆಲಸ ಸಾಗುವುದಿಲ್ಲ.
- ಬಿದ್ದ ರಿಪೋರ್ಟ್‌ಗಳನ್ನು ದಿನಾ ನೋಡುವ ಒಬ್ಬ ಮನುಷ್ಯ. ಅಂಥವರು ಯಾರೂ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಇನ್ನೊಂದು ಮಾತು. ಇದನ್ನು ಮುಖ್ಯ ಬ್ರಾಂಚಿನ ಓಟಕ್ಕೆ ಮಾತ್ರ ಜೋಡಿಸಿ, ರಾತ್ರಿಯ ಓಟವಾದರೆ ಇನ್ನೂ ಒಳ್ಳೆಯದು. ಪುಲ್ ರಿಕ್ವೆಸ್ಟ್‌ನಲ್ಲಿ (ಮುಖ್ಯ ಕೋಡ್‌ಗೆ ಇನ್ನೂ ಸೇರದ ಬದಲಾವಣೆಯಲ್ಲಿ) ಟೆಸ್ಟ್ ಬಿದ್ದರೆ ಅದು ಬರೆದವರಿಗೆ ಅಲ್ಲೇ ಕಾಣುತ್ತದೆ. ಅರ್ಧಂಬರ್ಧ ಕೋಡ್‌ಗೆ ಟಿಕೆಟ್ ಯಾಕೆ?

## ಹಂತ 1: ಕನ್ಸೋಲ್ ಲಾಗ್ ಬಿಡಿ, ರಿಸಲ್ಟ್ ಫೈಲ್ ಹಿಡಿಯಿರಿ

ಕನ್ಸೋಲ್ ಲಾಗ್‌ನಲ್ಲಿ ‘ಎರರ್’ ಅನ್ನುವ ಪದ ಹುಡುಕಿ ಟಿಕೆಟ್ ಹಾಕುವುದು ಎಲ್ಲರೂ ಮಾಡುವ ಮೊದಲ ತಪ್ಪು. ತಪ್ಪು ಪಾಸ್‌ವರ್ಡ್ ಕೊಟ್ಟು ಪರೀಕ್ಷಿಸುವ ಟೆಸ್ಟ್ ಪಾಸಾದಾಗಲೂ ಲಾಗ್‌ನಲ್ಲಿ ‘ಎರರ್’ ಬರುತ್ತದೆ, ಅದು ಬರಲೇಬೇಕು. ಜೊತೆಗೆ ಪೈಟೆಸ್ಟ್‌ನ ಎಕ್ಸ್‌ಡಿಸ್ಟ್ ಪ್ಲಗಿನ್ ಬಳಸಿ ಟೆಸ್ಟ್‌ಗಳನ್ನು ಸಮಾನಾಂತರವಾಗಿ ಓಡಿಸಿದರೆ ಬೇರೆ ಬೇರೆ ಟೆಸ್ಟ್‌ಗಳ ಸಾಲುಗಳು ಒಂದರೊಳಗೊಂದು ಹೆಣೆದುಕೊಳ್ಳಬಹುದು. ಯಾವ ಸಾಲು ಯಾರದ್ದು ಅಂತ ಆಮೇಲೆ ಬಿಡಿಸುವುದು ಆಗದ ಮಾತು.

ಪೈಟೆಸ್ಟ್‌ಗೆ ಜೆಯುನಿಟ್ ಎಕ್ಸ್‌ಎಂಎಲ್ ಫೈಲ್ ಬರೆಯಲು ಹೇಳಿ. ಅದರಲ್ಲಿ ಪ್ರತಿ ಟೆಸ್ಟ್‌ಗೂ ಒಂದು ‘ಟೆಸ್ಟ್‌ಕೇಸ್’ ಭಾಗ ಇರುತ್ತದೆ, ಬಿದ್ದಿದ್ದರೆ ಅದರೊಳಗೆ ‘ಫೇಲ್ಯೂರ್’ ಅಥವಾ ‘ಎರರ್’ ಇರುತ್ತದೆ. ಇಲ್ಲಿ ಮೂರು ವಿಷಯ ಸರಿ ಮಾಡಿಕೊಳ್ಳಿ.

ಒಂದು, ಲಾಗ್. ‘ಜೆಯುನಿಟ್ ಲಾಗಿಂಗ್’ ಸೆಟ್ಟಿಂಗ್ ಮೊದಲಿಂದಲೇ ‘ನೋ’ ಆಗಿರುತ್ತದೆ. ಅಂದರೆ ಫೈಲ್‌ನಲ್ಲಿ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದು ಎಲ್ಲಿ ಬಿತ್ತು ಅನ್ನುವ ಪಟ್ಟಿ) ಇರುತ್ತದೆ, ನಿಮ್ಮ ಅಪ್ಲಿಕೇಶನ್ ಬರೆದ ಲಾಗ್ ಇರುವುದಿಲ್ಲ. ಅದನ್ನು ‘ಆಲ್’ ಮಾಡಿ. ಪಾಸಾದ ಟೆಸ್ಟ್‌ಗಳ ಲಾಗ್ ಬೇಡ ಅಂತಲೂ ಹೇಳಿ, ಇಲ್ಲದಿದ್ದರೆ ಫೈಲ್ ಸುಮ್ಮನೆ ಊದಿಕೊಳ್ಳುತ್ತದೆ. ಯಾರಾದರೂ ಕಮಾಂಡ್‌ಗೆ ಚಿಕ್ಕ ‘ಎಸ್’ ಆಯ್ಕೆ ಸೇರಿಸಿದ್ದರೆ ತೆಗೆಸಿ. ಅದು ಔಟ್‌ಪುಟ್ ಹಿಡಿಯುವುದನ್ನೇ ನಿಲ್ಲಿಸುತ್ತದೆ.

ಎರಡು, ಫೈಲ್‌ನ ಬಗೆ. ಪೈಟೆಸ್ಟ್ 6ರಿಂದ ‘ಎಕ್ಸ್‌ಯುನಿಟ್2’ ಡಿಫಾಲ್ಟ್. ಅದರಲ್ಲಿ ಟೆಸ್ಟ್ ಯಾವ ಫೈಲ್‌ನ ಯಾವ ಸಾಲಿನಲ್ಲಿದೆ ಅನ್ನುವ ಮಾಹಿತಿ ಬರುವುದಿಲ್ಲ. ‘ಎಕ್ಸ್‌ಯುನಿಟ್1’ಕ್ಕೆ ಬದಲಾಯಿಸಿದರೆ ಬರುತ್ತದೆ. ಬಗ್ ರಿಪೋರ್ಟ್‌ಗೆ ಅದು ಬೇಕೇ ಬೇಕು.

ಮೂರು, ಫೇಲ್ಯೂರ್ ಮತ್ತು ಎರರ್ ನಡುವಿನ ವ್ಯತ್ಯಾಸ. ಪೈಟೆಸ್ಟ್‌ನಲ್ಲಿ ಟೆಸ್ಟ್‌ನ ಒಳಗೆ ಏನೇ ಎಡವಟ್ಟಾದರೂ ಫೇಲ್ಯೂರ್. ಟೆಸ್ಟ್‌ಗೆ ಮುಂಚೆ ಅಥವಾ ಆಮೇಲೆ ಓಡುವ ಫಿಕ್ಸ್‌ಚರ್ (ತಯಾರಿ, ಸ್ವಚ್ಛತೆಯ ಕೋಡ್) ಬಿದ್ದರೆ ಎರರ್. ಡೇಟಾಬೇಸ್‌ಗೆ ಸಂಪರ್ಕ ಸಿಗಲಿಲ್ಲ ಅನ್ನುವಂಥದ್ದು ಬಹುಮಟ್ಟಿಗೆ ಎರಡನೆಯ ಗುಂಪಿಗೆ ಸೇರುತ್ತದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

## ಹಂತ 2: ಓಟ ನಿಜವಾಗಿ ನಡೆಯಿತಾ ನೋಡಿ

ರಿಸಲ್ಟ್ ಫೈಲ್ ತೆರೆಯುವ ಮುಂಚೆ ಪೈಟೆಸ್ಟ್‌ನ ಎಕ್ಸಿಟ್ ಕೋಡ್ (ಮುಗಿಯುವಾಗ ಅದು ಕೊಡುವ ಸಂಖ್ಯೆ) ನೋಡಿ. 0 ಅಂದರೆ ಎಲ್ಲ ಪಾಸ್. 1 ಅಂದರೆ ಕೆಲವು ಬಿದ್ದಿವೆ. 2 ಅಂದರೆ ಓಟ ಮಧ್ಯದಲ್ಲೇ ನಿಂತಿದೆ. 3 ಪೈಟೆಸ್ಟ್‌ನ ಒಳಗಿನ ತೊಂದರೆ, 4 ಕಮಾಂಡ್ ತಪ್ಪು, 5 ಅಂದರೆ ಒಂದು ಟೆಸ್ಟ್ ಕೂಡ ಸಿಗಲಿಲ್ಲ.

ಬಗ್ ರಿಪೋರ್ಟ್‌ಗೆ ದಾರಿ ಇರುವುದು 1 ಬಂದಾಗ ಮಾತ್ರ. 2ರಿಂದ 5ರವರೆಗೆ ಯಾವುದು ಬಂದರೂ ‘ಪೈಪ್‌ಲೈನ್ ಕೆಟ್ಟಿದೆ’ ಅಂತ ಟೀಮ್‌ನ ಚಾಟ್‌ಗೆ ಒಂದು ಸಂದೇಶ ಕಳಿಸಿ, ನಿಲ್ಲಿಸಿ. ಇದರಲ್ಲಿ 5 ಬಹಳ ಅಪಾಯಕಾರಿ. ಯಾರೋ ಫೋಲ್ಡರ್ ಹೆಸರು ಬದಲಾಯಿಸಿದರು, ಟೆಸ್ಟ್‌ಗಳೇ ಓಡಲಿಲ್ಲ, ಆದರೆ ‘ಬಿದ್ದದ್ದು ಸೊನ್ನೆ’ ಅಂತ ನಿಮ್ಮ ಸ್ಕ್ರಿಪ್ಟ್ ಖುಷಿಪಟ್ಟು ತೆರೆದಿರುವ ಬಗ್‌ಗಳನ್ನೆಲ್ಲ ಮುಚ್ಚಿಬಿಡಬಹುದು.

ಇಲ್ಲಿ ಜನ ಎಡವುವ ಜಾಗಗಳು ಹಲವು. ಪೈಟೆಸ್ಟ್‌ನ ಔಟ್‌ಪುಟ್ಟನ್ನು ಪೈಪ್ ಮೂಲಕ ‘ಟೀ’ ಕಮಾಂಡ್‌ಗೆ (ತೆರೆಗೂ ಫೈಲ್‌ಗೂ ಬರೆಯುವಂಥದ್ದು) ಕೊಟ್ಟರೆ ಪೈಟೆಸ್ಟ್‌ನ ಕೋಡ್ ಕಳೆದುಹೋಗಿ ಟೀ ಕಮಾಂಡ್‌ನ 0 ಉಳಿಯುತ್ತದೆ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಶೆಲ್ ಯಾವುದು ಅಂತ ಹೇಳದೆ ಬಿಟ್ಟರೆ ‘ಪೈಪ್‌ಫೇಲ್’ (ಪೈಪ್‌ನಲ್ಲಿ ಯಾವ ಕಮಾಂಡ್ ಬಿದ್ದರೂ ಅದರ ಕೋಡ್ ಉಳಿಸುವ ಸೆಟ್ಟಿಂಗ್) ಆನ್ ಆಗಿರುವುದಿಲ್ಲ. ಶೆಲ್ ‘ಬ್ಯಾಶ್’ ಅಂತ ಸ್ಪಷ್ಟವಾಗಿ ಬರೆದರೆ ಆನ್ ಆಗುತ್ತದೆ. ಒಂದು ಸಾಲಿನ ಬದಲಾವಣೆ, ಆದರೆ ಇದರಿಂದಾಗಿ ತಿಂಗಳುಗಟ್ಟಲೆ ಕೆಂಪು ಓಟಗಳು ಹಸಿರಾಗಿ ಕಾಣಬಹುದು.

ಮೆಮೊರಿ ಸಾಲದೆ ಪೈಟೆಸ್ಟ್ ಪ್ರಕ್ರಿಯೆಯನ್ನೇ ಸಿಸ್ಟಮ್ ಕೊಂದರೆ ಕೋಡ್ 137 ಬರುತ್ತದೆ. ಆಗ ಎಕ್ಸ್‌ಎಂಎಲ್ ಫೈಲ್ ಹುಟ್ಟುವುದೇ ಇಲ್ಲ, ಯಾಕೆಂದರೆ ಅದನ್ನು ಬರೆಯುವುದು ಓಟದ ಕೊನೆಯಲ್ಲಿ. ನಿಮ್ಮದೇ ಯಂತ್ರದಲ್ಲಿ ಓಡುವ ರನ್ನರ್ (ಆಕ್ಷನ್ಸ್‌ನ ಕೆಲಸ ನಡೆಸುವ ಪ್ರೋಗ್ರಾಂ) ಅಥವಾ ಜೆಂಕಿನ್ಸ್ ಆದರೆ ನಿನ್ನೆಯ ಫೈಲ್ ಅಲ್ಲೇ ಬಿದ್ದಿರುತ್ತದೆ, ಸ್ಕ್ರಿಪ್ಟ್ ಅದನ್ನೇ ಓದಿ ನಿನ್ನೆಯ ಬಗ್ ಇವತ್ತು ಹಾಕುತ್ತದೆ. ಓಟ ಶುರುವಾಗುವ ಮುಂಚೆ ಹಳೆಯ ಫೈಲ್ ಅಳಿಸಿ.

ಟೆಸ್ಟ್ ಹಂತ ಬಿದ್ದರೆ ಆಕ್ಷನ್ಸ್ ಮುಂದಿನ ಹಂತಗಳನ್ನು ಬಿಟ್ಟುಬಿಡುತ್ತದೆ ಅನ್ನುವುದೂ ನೆನಪಿರಲಿ. ರಿಪೋರ್ಟ್ ಹಂತಕ್ಕೆ ‘ಕ್ಯಾನ್ಸಲ್ ಆಗಿರದಿದ್ದರೆ ಓಡು’ ಅನ್ನುವ ಷರತ್ತು ಹಾಕಿ. ‘ಆಲ್ವೇಸ್’ ಹಾಕಿದರೆ ಯಾರೋ ಕೈಯಾರೆ ನಿಲ್ಲಿಸಿದ ಓಟಕ್ಕೂ ಅದು ಓಡುತ್ತದೆ.

## ಹಂತ 3: ಬಿದ್ದದ್ದನ್ನು ಇನ್ನೊಮ್ಮೆ ಓಡಿಸಿ

ಒಮ್ಮೆ ಬಿದ್ದು ಒಮ್ಮೆ ಪಾಸಾಗುವ ಫ್ಲೇಕಿ ಟೆಸ್ಟ್‌ಗಳೇ ಆಟೋ ರಿಪೋರ್ಟ್‌ನ ದೊಡ್ಡ ಶತ್ರು. ಮೊದಲ ಓಟ ಮುಗಿದ ಮೇಲೆ, ಬಿದ್ದ ಟೆಸ್ಟ್‌ಗಳನ್ನು ಮಾತ್ರ ‘ಲಾಸ್ಟ್ ಫೇಲ್ಡ್’ ಆಯ್ಕೆಯಿಂದ ಹೊಸ ಪ್ರಕ್ರಿಯೆಯಲ್ಲಿ ಓಡಿಸಿ, ರಿಸಲ್ಟನ್ನು ಬೇರೆ ಫೈಲ್‌ಗೆ ಬರೆಯಿರಿ. ಹೊಸ ಪ್ರಕ್ರಿಯೆ ಯಾಕೆಂದರೆ, ಮೊದಲ ಓಟದಲ್ಲಿ ಬೇರೆ ಟೆಸ್ಟ್‌ಗಳು ಮೆಮೊರಿಯಲ್ಲಿ ಬಿಟ್ಟುಹೋದ ಕಸ ಇದಕ್ಕೆ ತಗಲುವುದಿಲ್ಲ.

ಒಂದು ಗುಂಡಿ ಇದೆ, ನೋಡಿಕೊಳ್ಳಿ. ಹಿಂದಿನ ಓಟದಲ್ಲಿ ಏನೂ ಬಿದ್ದಿರದಿದ್ದರೆ ಈ ಆಯ್ಕೆ ಎಲ್ಲ ಟೆಸ್ಟ್‌ಗಳನ್ನೂ ಮತ್ತೆ ಓಡಿಸುತ್ತದೆ. ಎಕ್ಸಿಟ್ ಕೋಡ್ 1 ಆಗಿದ್ದರೆ ಮಾತ್ರ ಈ ಹಂತಕ್ಕೆ ಬನ್ನಿ.

ಎರಡು ಸಲವೂ ಒಂದೇ ರೀತಿ ಬಿದ್ದರೆ ಬಗ್‌ನ ಅಭ್ಯರ್ಥಿ. ಎರಡನೇ ಸಲ ಪಾಸಾದರೆ ಫ್ಲೇಕಿ ಪಟ್ಟಿಗೆ. ಎರಡು ಸಲವೂ ಬಿದ್ದು ಎರರ್ ಬೇರೆ ಬೇರೆ ಬಂದರೆ ಅದೂ ಸದ್ಯಕ್ಕೆ ಫ್ಲೇಕಿ ಪಟ್ಟಿಗೇ. ಆದರೆ ಈ ಪಟ್ಟಿಯನ್ನು ಎಸೆಯಬೇಡಿ. ಫ್ಲೇಕಿ ಅಂದುಕೊಂಡಿದ್ದರಲ್ಲಿ ಎರಡು ಥ್ರೆಡ್‌ಗಳ ಜಗಳ ಅಡಗಿರಬಹುದು, ಅದು ಗ್ರಾಹಕರ ಕೈಯಲ್ಲೂ ಅಪರೂಪಕ್ಕೆ ಬೀಳುತ್ತದೆ. ವಾರಕ್ಕೊಮ್ಮೆ ಇಡೀ ಪಟ್ಟಿಗೆ ಒಂದೇ ಟಿಕೆಟ್ ಹಾಕಿದರೆ ಸಾಕು.

## ಹಂತ 4: ಲಾಗ್ ತೊಳೆಯಿರಿ, ಗುಟ್ಟು ಮುಚ್ಚಿ

ಈ ಹಂತದಲ್ಲಿ ಕ್ರಮ ತಪ್ಪಿದರೆ ದುಬಾರಿ. ಮೊದಲು ಬಣ್ಣದ ಎಸ್ಕೇಪ್ ಕೋಡ್‌ಗಳನ್ನು ತೆಗೆಯಿರಿ. ಆಮೇಲೆ ಗುಟ್ಟಿನ ಮಾಹಿತಿ ಮುಚ್ಚಿ. ಉದ್ದ ಕತ್ತರಿಸುವುದು ಕೊನೆಗೆ. ಮೊದಲೇ ಕತ್ತರಿಸಿದರೆ ಟೋಕನ್ ಅರ್ಧಕ್ಕೆ ತುಂಡಾಗಬಹುದು, ಆಗ ನಿಮ್ಮ ರೆಜೆಕ್ಸ್ ಅದನ್ನು ಗುರುತಿಸುವುದಿಲ್ಲ. ಉಳಿದ ಅರ್ಧ ಹಾಗೇ ಟಿಕೆಟ್‌ಗೆ ಹೋಗುತ್ತದೆ.

‘ಗಿಟ್‌ಹಬ್ ಹೇಗೂ ಸೀಕ್ರೆಟ್‌ಗಳನ್ನು ನಕ್ಷತ್ರ ಮಾಡಿ ಮುಚ್ಚುತ್ತದಲ್ವಾ?’ ಅಂತ ಕೇಳುವವರಿದ್ದಾರೆ. ಮುಚ್ಚುವುದು ತನ್ನ ಓಟದ ಲಾಗ್‌ನಲ್ಲಿ. ನಿಮ್ಮ ಸ್ಕ್ರಿಪ್ಟ್ ಎಪಿಐ ಮೂಲಕ ಬರೆಯುವ ಟಿಕೆಟ್‌ಗೆ ಆ ರಕ್ಷಣೆ ಇಲ್ಲ.

ಕಡ್ಡಾಯವಾಗಿ ಮುಚ್ಚಬೇಕಾದವು: ‘ಆಥರೈಸೇಶನ್’ ಹೆಡರ್‌ನ ಮುಂದಿನದ್ದೆಲ್ಲ, ಕುಕೀಗಳು, ಡೇಟಾಬೇಸ್ ವಿಳಾಸದೊಳಗೆ ಕೂತಿರುವ ಪಾಸ್‌ವರ್ಡ್, ಜೆಡಬ್ಲ್ಯೂಟಿ (ಲಾಗಿನ್ ಗುರುತಿನ) ಟೋಕನ್‌ಗಳು, ಇಮೇಲ್, ಫೋನ್ ನಂಬರ್. ಟೆಸ್ಟ್ ಡೇಟಾ ಅಸಲಿ ಗ್ರಾಹಕರದ್ದರಿಂದ ನಕಲಾಗಿದ್ದರೆ ಆಧಾರ್‌ನ 12 ಅಂಕಿ, ಪ್ಯಾನ್‌ನ ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರದ ಮಾದರಿಯನ್ನೂ ಸೇರಿಸಿ. ಏನಾದರೂ ಸೋರಿತು ಅಂತ ಗೊತ್ತಾದರೆ ಟಿಕೆಟ್ ತಿದ್ದಿದರೆ ಸಾಲದು. ಹಳೆಯ ರೂಪ ಎಡಿಟ್ ಹಿಸ್ಟರಿಯಲ್ಲಿ ಉಳಿದಿರುತ್ತದೆ, ಇಮೇಲ್ ಆಗಲೇ ಹೊರಟಿರುತ್ತದೆ. ಮೊದಲು ಆ ಟೋಕನ್ ರದ್ದು ಮಾಡಿ.

ಕನ್ನಡ ಪಠ್ಯ ಇರುವ ಆಪ್‌ಗಳಿಗೆ ಒಂದು ಸೂಚನೆ. ಫೈಲ್ ಓದುವಾಗ, ಬರೆಯುವಾಗ ಯುಟಿಎಫ್-8 ಅಂತ ಸ್ಪಷ್ಟವಾಗಿ ಹೇಳಿ. ವಿಂಡೋಸ್ ರನ್ನರ್‌ನಲ್ಲಿ ಹೇಳದೆ ಬಿಟ್ಟರೆ ಕನ್ನಡ ಅಕ್ಷರ ಕಂಡ ಕೂಡಲೇ ಸ್ಕ್ರಿಪ್ಟೇ ಬೀಳಬಹುದು. ಕತ್ತರಿಸುವಾಗ ಬೈಟ್ ಲೆಕ್ಕದಲ್ಲಿ ಕತ್ತರಿಸಬೇಡಿ, ಒಂದು ಕನ್ನಡ ಅಕ್ಷರಚಿಹ್ನೆಗೆ ಮೂರು ಬೈಟ್ ಬೇಕು, ಮಧ್ಯದಲ್ಲಿ ತುಂಡಾದರೆ ಕಸ ಕಾಣುತ್ತದೆ.

## ಹಂತ 5: ಫಿಂಗರ್‌ಪ್ರಿಂಟ್ ಮಾಡಿ

ಇಡೀ ವ್ಯವಸ್ಥೆ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ನಿಧಾನವಾಗಿ ಓದಿ.

ನಿನ್ನೆ ಬಿದ್ದದ್ದೂ ಇವತ್ತು ಬಿದ್ದದ್ದೂ ಒಂದೇ ಬಗ್ಗಾ ಅಂತ ಹೇಳುವ ಗುರುತು ಬೇಕು. ಇಡೀ ಎರರ್ ಪಠ್ಯವನ್ನೇ ಗುರುತು ಮಾಡಿಕೊಂಡರೆ ಪ್ರತಿ ಓಟಕ್ಕೂ ಹೊಸ ಬಗ್, ಯಾಕೆಂದರೆ ಅದರಲ್ಲಿ ಸಮಯ, ಐಡಿ, ಮೆಮೊರಿ ವಿಳಾಸ ಬದಲಾಗುತ್ತಲೇ ಇರುತ್ತವೆ. ಟೆಸ್ಟ್‌ನ ಹೆಸರೊಂದನ್ನೇ ತೆಗೆದುಕೊಂಡರೆ, ಅದೇ ಟೆಸ್ಟ್ ನಾಳೆ ಬೇರೆ ಕಾರಣಕ್ಕೆ ಬಿದ್ದಾಗ ಹೊಸ ಬಗ್ ಹಳೆಯದರ ಹೊಟ್ಟೆಯಲ್ಲಿ ಮುಚ್ಚಿಹೋಗುತ್ತದೆ.

ನಾನು ಬಳಸುವ ಪಾಕ ಹೀಗಿದೆ:

1. ಎಕ್ಸೆಪ್ಶನ್‌ನ ಬಗೆ.
2. ಸ್ಟ್ಯಾಕ್ ಟ್ರೇಸ್‌ನಲ್ಲಿ ನಿಮ್ಮ ರೆಪೊದೊಳಗಿನ ಕೊನೆಯ ಫ್ರೇಮ್ (ಆ ಪಟ್ಟಿಯ ಒಂದು ನಮೂದು): ಫೈಲ್ ಮತ್ತು ಫಂಕ್ಷನ್ ಹೆಸರು. ಸಾಲಿನ ಸಂಖ್ಯೆ ಬೇಡ. ಮೇಲೆ ಯಾರೋ ಒಂದು ಇಂಪೋರ್ಟ್ ಸೇರಿಸಿದರೆ ಅದು ಬದಲಾಗುತ್ತದೆ.
3. ಎರರ್ ಸಂದೇಶದ ಮೊದಲ ಸಾಲು, ಬದಲಾಗುವ ಭಾಗಗಳನ್ನು ತೆಗೆದು.
4. ಅಸರ್ಶನ್ ಎರರ್ (ಟೆಸ್ಟ್ ನಿರೀಕ್ಷಿಸಿದ ಉತ್ತರ ಬರದಿದ್ದಾಗಿನ ಎರರ್) ಆಗಿದ್ದರೆ ಮಾತ್ರ ಟೆಸ್ಟ್‌ನ ಹೆಸರು, ಚೌಕ ಕಂಸದೊಳಗಿನ ಪ್ಯಾರಾಮೀಟರ್ ಬಿಟ್ಟು.

ನಾಲ್ಕನೆಯದಕ್ಕೆ ಕಾರಣ ಹೇಳಬೇಕು. ಕೂಪನ್ ಲೆಕ್ಕ ಹಾಕುವ ಫಂಕ್ಷನ್ ಒಳಗೆ ‘ಕೀ ಎರರ್’ ಬಂದರೆ, ಅದನ್ನು ಕರೆಯುವ ಮೂವತ್ತು ಟೆಸ್ಟ್‌ಗಳೂ ಬೀಳುತ್ತವೆ. ಅವೆಲ್ಲ ಒಂದೇ ಬಗ್. ಟೆಸ್ಟ್ ಹೆಸರು ಸೇರಿಸಿದರೆ ಮೂವತ್ತು ಟಿಕೆಟ್ ಆಗುತ್ತವೆ. ಆದರೆ ‘450 ಬರಬೇಕಿತ್ತು, 500 ಬಂತು’ ಅನ್ನುವ ಅಸರ್ಶನ್‌ನಲ್ಲಿ ಎಕ್ಸೆಪ್ಶನ್ ಬಗೆ ಏನನ್ನೂ ಹೇಳುವುದಿಲ್ಲ. ಎಲ್ಲ ಅಸರ್ಶನ್‌ಗಳ ಬಗೆಯೂ ಒಂದೇ. ಹಲವು ಟೆಸ್ಟ್‌ಗಳು ಒಂದೇ ಸಹಾಯಕ ಫಂಕ್ಷನ್‌ನಲ್ಲಿ ಅಸರ್ಟ್ ಮಾಡುತ್ತಿದ್ದರೆ ಕೊನೆಯ ಫ್ರೇಮ್ ಕೂಡ ಒಂದೇ ಆಗಿಬಿಡುತ್ತದೆ. ಅಲ್ಲಿ ಟೆಸ್ಟ್‌ನ ಹೆಸರೇ ಆಧಾರ.

ಸಂದೇಶದಿಂದ ತೆಗೆಯಬೇಕಾದ್ದು: ಯುಯುಐಡಿ (ಯಂತ್ರ ಹುಟ್ಟಿಸುವ ಉದ್ದದ ಐಡಿ), ದಿನಾಂಕ-ಸಮಯ, ಸೊನ್ನೆ-ಎಕ್ಸ್‌ನಿಂದ ಶುರುವಾಗುವ ಮೆಮೊರಿ ವಿಳಾಸ, ಐಪಿ ಮತ್ತು ಪೋರ್ಟ್, ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅನ್ನುವುದು, ಪ್ರತಿ ಓಟಕ್ಕೂ ಹೊಸ ನಂಬರ್ ಪಡೆಯುವ ಪೈಟೆಸ್ಟ್‌ನ ತಾತ್ಕಾಲಿಕ ಫೋಲ್ಡರ್ ದಾರಿ. ಸೆಲೆನಿಯಂ (ಬ್ರೌಸರ್ ನಡೆಸಿ ಪರೀಕ್ಷಿಸುವ ಟೂಲ್) ಬಳಸುವವರು ಸಂದೇಶದ ಬಾಲದಲ್ಲಿ ಬರುವ ಕ್ರೋಮ್ ವರ್ಶನ್ ಮತ್ತು ಸೆಶನ್ ಮಾಹಿತಿಯನ್ನೂ ಕಿತ್ತುಹಾಕಿ. ಇಲ್ಲದಿದ್ದರೆ ಕ್ರೋಮ್ ಅಪ್‌ಡೇಟ್ ಆದ ದಿನ ಹಳೆಯ ಬಗ್‌ಗಳೆಲ್ಲ ಹೊಸ ಹೆಸರಿನಲ್ಲಿ ಮತ್ತೆ ಹುಟ್ಟುತ್ತವೆ.

ಸುಲಭ ಅಂತ ಎಲ್ಲ ಅಂಕಿಗಳನ್ನೂ ಒರೆಸಬೇಡಿ. 404 (ಪುಟ ಸಿಗಲಿಲ್ಲ) ಮತ್ತು 500 (ಸರ್ವರ್ ಒಳಗೆ ತೊಂದರೆ) ಬೇರೆ ಬೇರೆ ಬಗ್. ಒರೆಸಿದರೆ ಎರಡೂ ಒಂದಾಗುತ್ತವೆ. ಹೆಸರಿಟ್ಟ ಮಾದರಿಗಳನ್ನು ಮಾತ್ರ ತೆಗೆಯಿರಿ. ಅಸರ್ಶನ್‌ನ ಮೌಲ್ಯ ಪ್ರತಿ ಓಟಕ್ಕೂ ಬದಲಾಗುವಂಥದ್ದಾದರೆ, ಉದಾಹರಣೆಗೆ ಆರ್ಡರ್ ನಂಬರ್, ಆ ಟೆಸ್ಟ್‌ನಲ್ಲೇ ಸಂದೇಶ ತಿದ್ದುವುದು ಒಳ್ಳೆಯದು. ಈ ಒರೆಸಿದ ಪಠ್ಯ ಗುರುತಿಗೆ ಮಾತ್ರ. ಟಿಕೆಟ್‌ನಲ್ಲಿ ಮೂಲ ಸಂದೇಶವೇ ಇರಲಿ.

ಈ ನಾಲ್ಕನ್ನೂ ಜೋಡಿಸಿ ಎಸ್‌ಎಚ್‌ಎ-256 ಹ್ಯಾಶ್ ಮಾಡಿ, ಮೊದಲ 12 ಅಕ್ಷರ ಇಟ್ಟುಕೊಳ್ಳಿ. ಪೈಥಾನ್‌ನಲ್ಲಿ ಮೊದಲಿಂದಲೇ ಇರುವ ‘ಹ್ಯಾಶ್’ ಫಂಕ್ಷನ್ ಬಳಸಬೇಡಿ. ಪೈಥಾನ್ 3.3ರಿಂದ ಅದು ಪಠ್ಯಕ್ಕೆ ಪ್ರತಿ ಪ್ರಕ್ರಿಯೆಯಲ್ಲೂ ಬೇರೆ ಬೇರೆ ಬೆಲೆ ಕೊಡುತ್ತದೆ. ಒಂದೇ ಓಟದೊಳಗೆ ಎಲ್ಲ ಸರಿ ಕಾಣುತ್ತದೆ, ಮರುದಿನ ಒಂದೂ ಹೊಂದುವುದಿಲ್ಲ. ‘ಹ್ಯಾಶ್‌ಲಿಬ್’ ಬಳಸಿ.

ಗುರುತಿನ ಮುಂದೆ ‘ವಿ1’ ಅಂತ ಆವೃತ್ತಿ ಸೇರಿಸಿ. ಮುಂದೊಂದು ದಿನ ಒರೆಸುವ ನಿಯಮ ಬದಲಾಯಿಸುತ್ತೀರಿ, ಆಗ ಎಲ್ಲ ಗುರುತುಗಳೂ ಬದಲಾಗುತ್ತವೆ. ಆವೃತ್ತಿ ಇದ್ದರೆ ಆ ಒಂದು ಓಟದಲ್ಲಿ ಹೊಸ ಟಿಕೆಟ್ ಹಾಕದೆ, ಹಳೆಯ ಟಿಕೆಟ್‌ಗಳಿಗೆ ಹೊಸ ಗುರುತು ಬರೆಸಬಹುದು.

ಈಗ ಕೂಡಿಟ್ಟ ಹಳೆಯ ರಿಸಲ್ಟ್ ಫೈಲ್‌ಗಳ ಮೇಲೆ ಇದನ್ನು ಓಡಿಸಿ. ಗುಂಪುಗಳನ್ನು ಕಣ್ಣಾರೆ ನೋಡಿ. ಒಂದೇ ಬಗ್ ಎರಡು ಗುಂಪಾಗಿದೆಯಾ? ಎರಡು ಬಗ್ ಒಂದು ಗುಂಪಿನಲ್ಲಿವೆಯಾ? ಎರಡನೆಯದು ಹೆಚ್ಚು ಕೆಟ್ಟದ್ದು, ಯಾಕೆಂದರೆ ಅದು ಕಾಣುವುದಿಲ್ಲ. ಸ್ವಲ್ಪ ಜಾಸ್ತಿ ಒಡೆದರೂ ಪರವಾಗಿಲ್ಲ ಅನ್ನುವ ಕಡೆಗೇ ವಾಲಿ, ಸಂಖ್ಯೆಯನ್ನು ಮುಂದಿನ ಹಂತ ತಡೆಯುತ್ತದೆ. ಲಿನಕ್ಸ್ ಕರ್ನಲ್‌ನ ಬಗ್ ಹಾಕುವ ಸಿಜ್‌ಬಾಟ್ ಕೂಡ ಕ್ರ್ಯಾಶ್‌ನ ಶೀರ್ಷಿಕೆ ನೋಡಿ ಗುಂಪು ಮಾಡುತ್ತದೆ, ತಪ್ಪಿದಾಗ ‘ಇದು ಅದರದ್ದೇ ನಕಲು’ ಅಂತ ಹೇಳಲು ಮನುಷ್ಯರಿಗೆ ಒಂದು ಕಮಾಂಡ್ ಕೊಡುತ್ತದೆ. ನೀವೂ ಅಂಥದ್ದೊಂದು ದಾರಿ ಇಡಿ: ಎರಡು ಗುರುತು ಒಂದೇ ಅಂತ ಬರೆದಿಡುವ ಸಣ್ಣ ಫೈಲ್ ಆದರೂ ಸಾಕು.

## ಹಂತ 6: ಬಾಗಿಲಲ್ಲಿ ತಡೆಯಿರಿ

ಗುಂಪಾದ ಮೇಲೆ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ.

ಪರಿಸರದ ತೊಂದರೆಯಾ? ಸಂಪರ್ಕ ನಿರಾಕರಣೆ, ಡಿಎನ್‌ಎಸ್ ಸಿಗದಿರುವುದು, ಡಿಸ್ಕ್ ತುಂಬಿರುವುದು, ಸರ್ವರ್ ಸಿಗದಾಗ ಬರುವ 502, 503, 504, ಬ್ರೌಸರ್ ಸೆಶನ್ ಶುರುವಾಗದಿರುವುದು, ಹಂತ 1ರಲ್ಲಿ ಹೇಳಿದ ಫಿಕ್ಸ್‌ಚರ್ ಎರರ್‌ಗಳು. ಇವು ಹಲವು ಟೆಸ್ಟ್‌ಗಳಲ್ಲಿ ಒಟ್ಟಿಗೆ ಬಂದರೆ ಪರಿಸರ ಕೆಟ್ಟಿದೆ ಅಂತಲೇ ಅರ್ಥ. ಒಂದೇ ಟೆಸ್ಟ್‌ನಲ್ಲಿ, ಎರಡೂ ಓಟದಲ್ಲಿ 503 ಬಂದರೆ ಮಾತ್ರ ನಿಮ್ಮ ಸರ್ವೀಸ್‌ನದ್ದೇ ಬಗ್ ಇರಬಹುದು, ಅದನ್ನು ಬಿಡಬೇಡಿ.

ಬಿದ್ದ ಪ್ರಮಾಣ ಎಷ್ಟು? ಒಟ್ಟು ಟೆಸ್ಟ್‌ಗಳಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಬಿದ್ದಿದ್ದರೆ ಬಿಡಿ ಬಿಡಿ ರಿಪೋರ್ಟ್ ಬೇಡ. ಒಂದೇ ಟಿಕೆಟ್ ಹಾಕಿ, ಒಳಗೆ ಗುಂಪುಗಳ ಪಟ್ಟಿ ಕೊಡಿ.

ಹೊಸ ಗುರುತುಗಳು ಎಷ್ಟು? ಒಂದು ಓಟಕ್ಕೆ ಐದು ಹೊಸ ಟಿಕೆಟ್ ಅಂತ ಮಿತಿ ಹಾಕಿ. ದಾಟಿದರೆ ಉಳಿದವನ್ನು ಒಂದೇ ಟಿಕೆಟ್‌ನಲ್ಲಿ ಸೇರಿಸಿ. ಐದು ಅನ್ನುವುದು, ಐದನೇ ಒಂದು ಭಾಗ ಅನ್ನುವುದು ಶುರುವಿನ ಅಂದಾಜು. ನಿಮ್ಮ ಟೀಮ್ ದಿನಕ್ಕೆ ಎಷ್ಟು ನೋಡಬಲ್ಲದೋ ಅದಕ್ಕೆ ಹೊಂದಿಸಿ.

## ಹಂತ 7: ಹಳೆಯ ಟಿಕೆಟ್ ಹುಡುಕಿ

ಗುರುತನ್ನು ಟಿಕೆಟ್‌ನ ಪಠ್ಯದಲ್ಲಿ ಎಚ್‌ಟಿಎಂಎಲ್ ಕಾಮೆಂಟ್ ಆಗಿ ಅಡಗಿಸಿಡಿ. ಓದುವವರಿಗೆ ಕಾಣುವುದಿಲ್ಲ, ಸ್ಕ್ರಿಪ್ಟ್‌ಗೆ ಸಿಗುತ್ತದೆ.

ಹುಡುಕಲು ಗಿಟ್‌ಹಬ್‌ನ ಸರ್ಚ್ ಎಪಿಐ ಬಳಸಬೇಡಿ. ಹೊಸ ಟಿಕೆಟ್ ಅದರ ಪಟ್ಟಿಗೆ ಸೇರಲು ಸಮಯ ಹಿಡಿಯುತ್ತದೆ, ನಿಮಿಷಕ್ಕೆ 30 ಕೋರಿಕೆ ಮಾತ್ರ. ಬದಲು ‘ಆಟೋ-ಬಗ್’ ಲೇಬಲ್ ಇರುವ ಎಲ್ಲ ಇಶ್ಯೂಗಳ ಪಟ್ಟಿ ತರಿಸಿ, ನೀವೇ ಹೋಲಿಸಿ. ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ಪಟ್ಟಿ ಒಂದು ಪುಟಕ್ಕೆ 30 ಮಾತ್ರ ಕೊಡುತ್ತದೆ. 100ಕ್ಕೆ ಏರಿಸಿ, ಎಲ್ಲ ಪುಟಗಳನ್ನೂ ಓದಿ. ಕೇಳದಿದ್ದರೆ ತೆರೆದಿರುವುದನ್ನು ಮಾತ್ರ ಕೊಡುತ್ತದೆ, ಮುಚ್ಚಿದವೂ ಬೇಕು ಅಂತ ಹೇಳಿ. ಅದೇ ಪಟ್ಟಿಯಲ್ಲಿ ಪುಲ್ ರಿಕ್ವೆಸ್ಟ್‌ಗಳೂ ಬರುತ್ತವೆ, ಅವನ್ನು ಸೋಸಿ. ‘ಮೂವತ್ತನೇ ಟಿಕೆಟ್‌ವರೆಗೆ ಸರಿ ಇತ್ತು, ಆಮೇಲೆ ನಕಲು ಬೀಳಲು ಶುರುವಾಯಿತು’ ಅನ್ನುವ ದೂರಿನ ಮೂಲ ಮೊದಲನೆಯದು.

ಜಿರಾದಲ್ಲಿ ಗುರುತನ್ನೇ ಲೇಬಲ್ ಮಾಡಬಹುದು. ಲೇಬಲ್‌ನಲ್ಲಿ ಖಾಲಿ ಜಾಗ ಇರಬಾರದು ಅಷ್ಟೇ.

ತೆರೆದ ಟಿಕೆಟ್ ಸಿಕ್ಕರೆ ಪ್ರತಿ ಓಟಕ್ಕೂ ಕಾಮೆಂಟ್ ಹಾಕಬೇಡಿ. ‘ಕೊನೆಗೆ ಕಂಡದ್ದು’ ಅನ್ನುವ ಒಂದು ಸಾಲನ್ನು ಪಠ್ಯದಲ್ಲೇ ಬದಲಾಯಿಸಿ. ಮುಚ್ಚಿದ ಟಿಕೆಟ್ ಸಿಕ್ಕರೆ ಯಾಕೆ ಮುಚ್ಚಿದರು ನೋಡಿ. ‘ಮಾಡುವುದಿಲ್ಲ’ ಅಂತ ಮುಚ್ಚಿದ್ದರೆ ಸುಮ್ಮನಿರಿ. ಸರಿಪಡಿಸಿ ಮುಚ್ಚಿದ್ದರೆ, ಈಗ ಬಿದ್ದ ಕಮಿಟ್‌ನ (ಗಿಟ್‌ನಲ್ಲಿ ಉಳಿಸಿದ ಒಂದು ಬದಲಾವಣೆಯ) ಇತಿಹಾಸದಲ್ಲಿ ಆ ಸರಿಪಡಿಸಿದ ಕಮಿಟ್ ಇದೆಯಾ ಅಂತ ಗಿಟ್‌ನಲ್ಲಿ ಕೇಳಿ. ಇದ್ದರೆ ಬಗ್ ವಾಪಸ್ ಬಂದಿದೆ, ಮತ್ತೆ ತೆರೆಯಿರಿ. ಇಲ್ಲದಿದ್ದರೆ ಹಳೆಯ ಕೋಡ್ ಮೇಲೆ ಓಡಿದ್ದಷ್ಟೇ.

ಎರಡು ಓಟ ಒಂದೇ ಹೊತ್ತಿಗೆ ಮುಗಿದರೆ ಇಬ್ಬರೂ ‘ಹಳೆಯದು ಇಲ್ಲ’ ಅಂದುಕೊಂಡು ಇಬ್ಬರೂ ಟಿಕೆಟ್ ಹಾಕುತ್ತಾರೆ. ರಿಪೋರ್ಟ್ ಜಾಬ್‌ಗೆ ‘ಕನ್‌ಕರೆನ್ಸಿ’ ಗುಂಪು ಕೊಟ್ಟು ಒಂದಾದ ಮೇಲೊಂದು ಓಡುವಂತೆ ಮಾಡಿ.

## ಹಂತ 8: ರಿಪೋರ್ಟ್ ಬರೆಸಿ

ಶೀರ್ಷಿಕೆ ಓದಿದರೆ ಏನಾಗಿದೆ ಅಂತ ಗೊತ್ತಾಗಬೇಕು. ‘ಟೆಸ್ಟ್ ಫೇಲ್’ ಅನ್ನುವ ಶೀರ್ಷಿಕೆ ಯಾರಿಗೂ ಬೇಡ. ಮಾದರಿ:

> ಚೆಕ್‌ಔಟ್: ಹಬ್ಬದ ಕೂಪನ್ ಹಾಕಿದರೆ ಒಟ್ಟು 450 ಬರಬೇಕು, 500 ಬರುತ್ತಿದೆ

ಯಂತ್ರಕ್ಕೆ ಇಷ್ಟು ಚೆನ್ನಾಗಿ ಬರೆಯಲು ಬರಬೇಕಾದರೆ ಅಸರ್ಟ್‌ನಲ್ಲಿ ಸಂದೇಶ ಇರಬೇಕು. ಬರೀ ‘ಎ ಸಮ ಬಿ’ ಅಂತ ಬರೆದಿಟ್ಟರೆ ಅದು ಪಾಪ ಎಲ್ಲಿಂದ ತರುತ್ತದೆ? ಗಿಟ್‌ಹಬ್‌ನಲ್ಲಿ ಶೀರ್ಷಿಕೆಗೆ 256 ಅಕ್ಷರ, ಜಿರಾದಲ್ಲಿ 255, ಅಲ್ಲಿ ಸಾಲು ಮುರಿಯುವಂತಿಲ್ಲ.

ಪಠ್ಯದಲ್ಲಿ ಕ್ರಮ ಹೀಗಿರಲಿ: ಏನು ಬರಬೇಕಿತ್ತು, ಏನು ಬಂತು. ಅದೇ ಟೆಸ್ಟ್ ಒಂದನ್ನೇ ಓಡಿಸುವ ಕಮಾಂಡ್, ನಕಲಿಸಿ ಅಂಟಿಸಿದರೆ ಓಡುವಂತೆ, ರ‍್ಯಾಂಡಮ್ ಸೀಡ್ ಬಳಸಿದ್ದರೆ ಅದರ ಸಮೇತ. ಕೊನೆಗೆ ಪಾಸಾದ ಕಮಿಟ್, ಮೊದಲು ಬಿದ್ದ ಕಮಿಟ್. ಇವೆರಡು ಇದ್ದರೆ ಡೆವಲಪರ್ ‘ಗಿಟ್ ಬೈಸೆಕ್ಟ್’ ಹಾಕಿ ಕಾರಣದ ಕಮಿಟ್ಟನ್ನು ತಾನೇ ಹಿಡಿಯುತ್ತಾರೆ, ರಿಪೋರ್ಟ್‌ನಲ್ಲಿ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇಲ್ಲ. ಆಮೇಲೆ ಓಎಸ್, ಪೈಥಾನ್, ಬ್ರೌಸರ್ ವರ್ಶನ್. ಸಮಯ. ಕೊನೆಯಲ್ಲಿ ಲಾಗ್ ತುಣುಕು ಮತ್ತು ಓಟದ ಲಿಂಕ್.

ಸಮಯ ಬರೆಯುವಾಗ ಜೊತೆಗೆ ಯುಟಿಸಿ ಅಥವಾ ಐಎಸ್‌ಟಿ ಅಂತ ಬರೆಯಿರಿ. ಗಿಟ್‌ಹಬ್‌ನ ರನ್ನರ್ ಯುಟಿಸಿಯಲ್ಲಿ ನಡೆಯುತ್ತದೆ. ಬೆಂಗಳೂರಿನ ಟೀಮ್ ರಾತ್ರಿ 2 ಗಂಟೆಗೆ ಓಡಿಸಬೇಕು ಅಂದರೆ ಶೆಡ್ಯೂಲ್‌ನಲ್ಲಿ 20:30 ಅಂತ ಬರೆಯಬೇಕು. ಐದೂವರೆ ಗಂಟೆ ಆಚೀಚೆಯಾದ ಸರ್ವರ್ ಲಾಗ್ ಹುಡುಕಿ ಕಾಲ ಕಳೆಯುವುದು ಯಾರಿಗೂ ಬೇಡ.

ಲಾಗ್‌ನ ಕೊನೆಯ ಐವತ್ತು ಸಾಲು ಅಂಟಿಸುವ ಅಭ್ಯಾಸ ಬಿಡಿ. ಕೊನೆಯಲ್ಲಿ ಇರುವುದು ಬಹುಮಟ್ಟಿಗೆ ಸ್ವಚ್ಛಗೊಳಿಸುವ ಗದ್ದಲ. ಟೆಸ್ಟ್ ಬಿದ್ದ ಜಾಗದಿಂದ ಹಿಂದಕ್ಕೆ ಇಪ್ಪತ್ತು ಸಾಲು, ಮುಂದಕ್ಕೆ ಐದು ಸಾಲು ಕೊಡಿ. ಒಟ್ಟು ಪಠ್ಯ 65,536 ಅಕ್ಷರ ದಾಟಿದರೆ ಗಿಟ್‌ಹಬ್ ಟಿಕೆಟ್ಟನ್ನೇ ತಿರಸ್ಕರಿಸುತ್ತದೆ. ಪೂರ್ತಿ ಲಾಗ್ ಆರ್ಟಿಫ್ಯಾಕ್ಟ್ (ಓಟದ ಜೊತೆ ಉಳಿಸುವ ಫೈಲ್) ಆಗಿ ಹೋಗಲಿ. ಅದು ಡಿಫಾಲ್ಟ್ ಆಗಿ 90 ದಿನ ಮಾತ್ರ ಉಳಿಯುತ್ತದೆ, ಹಾಗಾಗಿ ಮುಖ್ಯವಾದ ಸಾಲುಗಳು ಟಿಕೆಟ್‌ನಲ್ಲೇ ಇರಬೇಕು.

ಲಾಗನ್ನು ಯಾವಾಗಲೂ ಕೋಡ್ ಬ್ಲಾಕ್ ಒಳಗೆ ಹಾಕಿ. ಇಲ್ಲದಿದ್ದರೆ ಲಾಗ್‌ನಲ್ಲಿರುವ @ ಚಿಹ್ನೆಯ ಮುಂದಿನ ಪದ ಯಾರದ್ದೋ ಬಳಕೆದಾರ ಹೆಸರಾಗಿ, ಸಂಬಂಧವೇ ಇಲ್ಲದವರಿಗೆ ನೋಟಿಫಿಕೇಶನ್ ಹೋಗುತ್ತದೆ. ಲಾಗ್‌ನೊಳಗೇ ಮೂರು ಬ್ಯಾಕ್‌ಟಿಕ್ ಇರಬಹುದು, ಹಾಗಾಗಿ ಬ್ಲಾಕ್‌ಗೆ ನಾಲ್ಕು ಬ್ಯಾಕ್‌ಟಿಕ್ ಬಳಸಿ.

ಕಾರಣ ಏನಿರಬಹುದು ಅಂತ ಎಐ ಕೈಯಲ್ಲಿ ಬರೆಸುವ ಆಸೆ ಈಗ ಎಲ್ಲರಿಗೂ ಇದೆ. ಶೀರ್ಷಿಕೆ ಚೊಕ್ಕ ಮಾಡಲು ಬಳಸಿ, ತಪ್ಪಿಲ್ಲ. ಊಹೆಯನ್ನು ಮಾತ್ರ ರಿಪೋರ್ಟ್‌ನ ಮೇಲ್ಭಾಗದಲ್ಲಿ ಇಡಬೇಡಿ, ಓದುವವರು ಅದೇ ದಾರಿ ಹಿಡಿದು ಲಾಗ್ ನೋಡುವುದನ್ನೇ ಬಿಡುತ್ತಾರೆ.

## ಹಂತ 9: ಮೊದಲು ಒಣ ಓಟ, ಆಮೇಲೆ ಅಸಲಿ

ಟಿಕೆಟ್ ಹಾಕುವ ಬದಲು ‘ಇದನ್ನು ಹಾಕುತ್ತಿದ್ದೆ’ ಅಂತ ಫೈಲ್‌ಗೆ ಬರೆಯುವ ಸ್ವಿಚ್ ಇಡಿ. ಎರಡು ವಾರ ಹಾಗೇ ಓಡಿಸಿ, ದಿನಾ ಓದಿ. ಆಮೇಲೆ ಖಾಲಿ ರೆಪೊಗೆ, ಕೊನೆಗೆ ಅಸಲಿ ರೆಪೊಗೆ.

ಅಸಲಿ ಓಟದಲ್ಲಿ 403 (ಅನುಮತಿ ಇಲ್ಲ) ಬಂದರೆ ಸಾಮಾನ್ಯವಾಗಿ ವರ್ಕ್‌ಫ್ಲೋ ಫೈಲ್‌ನಲ್ಲಿ ಇಶ್ಯೂ ಬರೆಯುವ ಅನುಮತಿ ಕೊಟ್ಟಿರುವುದಿಲ್ಲ. ಫೋರ್ಕ್‌ನಿಂದ (ಬೇರೆಯವರು ಮಾಡಿಕೊಂಡ ರೆಪೊದ ನಕಲಿನಿಂದ) ಬರುವ ಪುಲ್ ರಿಕ್ವೆಸ್ಟ್‌ಗೆ ಟೋಕನ್ ಓದಲಷ್ಟೇ ಸಿಗುತ್ತದೆ. ಅದನ್ನು ದಾಟಲು ‘ಪುಲ್ ರಿಕ್ವೆಸ್ಟ್ ಟಾರ್ಗೆಟ್’ ಬಳಸಿ ಹೊರಗಿನವರ ಕೋಡ್ ಓಡಿಸಬೇಡಿ. ಬರೆಯುವ ಅಧಿಕಾರವನ್ನು ಗೊತ್ತಿಲ್ಲದವರ ಕೈಗೆ ಕೊಟ್ಟಂತೆ.

ಎಪಿಐ ಟೈಮ್‌ಔಟ್ ಆದರೆ ಕುರುಡಾಗಿ ಮತ್ತೆ ಕಳಿಸಬೇಡಿ. ಟಿಕೆಟ್ ಹುಟ್ಟಿ, ಉತ್ತರ ಮಾತ್ರ ಬಾರದೆ ಹೋಗಿರಬಹುದು. ಹಂತ 7ಕ್ಕೆ ಹೋಗಿ ಗುರುತು ಇದೆಯಾ ನೋಡಿ, ಇಲ್ಲದಿದ್ದರೆ ಮಾತ್ರ ಕಳಿಸಿ.

## ಹಂತ 10: ಮುಚ್ಚುವುದು

ಒಮ್ಮೆ ಪಾಸಾದ ಕೂಡಲೇ ಮುಚ್ಚಬೇಡಿ. ಸತತ ಮೂರು ರಾತ್ರಿ ಪಾಸಾದರೆ ‘ಈಗ ಬೀಳುತ್ತಿಲ್ಲ’ ಅಂತ ಕಾಮೆಂಟ್ ಹಾಕಿ, ಐದಾದರೆ ಮುಚ್ಚಿ. ಮನುಷ್ಯರು ಕಾಮೆಂಟ್ ಮಾಡಿರುವ ಅಥವಾ ಯಾರಿಗಾದರೂ ವಹಿಸಿರುವ ಟಿಕೆಟ್ಟನ್ನು ಯಂತ್ರ ಮುಚ್ಚಲೇಬಾರದು.

ಪಾಸ್ ಅಂದರೆ ಆ ಟೆಸ್ಟ್ ಓಡಿ ಪಾಸಾಗಿರಬೇಕು. ಸ್ಕಿಪ್ ಆಗಿದ್ದರೆ, ಹೆಸರು ಬದಲಾಗಿದ್ದರೆ, ಫೈಲ್‌ನಲ್ಲೇ ಇಲ್ಲದಿದ್ದರೆ ಅದು ಪಾಸ್ ಅಲ್ಲ. ‘ಈ ಟೆಸ್ಟ್ ಈಗ ಓಡುತ್ತಿಲ್ಲ’ ಅಂತ ಟಿಕೆಟ್‌ನಲ್ಲಿ ಬರೆಯಿರಿ, ತೆರೆದೇ ಇಡಿ. ತಲೆನೋವಿನ ಟೆಸ್ಟ್‌ಗೆ ಯಾರೋ ಸ್ಕಿಪ್ ಹಾಕಿ ಕೈ ತೊಳೆದುಕೊಂಡದ್ದು ಹೀಗೇ ಗೊತ್ತಾಗುವುದು.

## ಈ ಲಕ್ಷಣ ಕಂಡರೆ ನಿಲ್ಲಿಸಿ

- ಒಂದೇ ಶೀರ್ಷಿಕೆಯ ಟಿಕೆಟ್‌ಗಳು ಬೇರೆ ಗುರುತಿನಲ್ಲಿ ಬರುತ್ತಿವೆ: ಸಂದೇಶದಲ್ಲಿ ಬದಲಾಗುವ ಭಾಗ ಇನ್ನೂ ಉಳಿದಿದೆ.
- ಗುರುತೂ ಒಂದೇ, ಟಿಕೆಟ್ ಮಾತ್ರ ಎರಡು: ಹುಡುಕಾಟದ ಪುಟಗಳು ಅಥವಾ ಕನ್‌ಕರೆನ್ಸಿ ನೋಡಿ.
- ಒಂದೇ ಟಿಕೆಟ್ ವಾರಕ್ಕೆ ಹಲವು ಸಲ ಮುಚ್ಚಿ ತೆರೆಯುತ್ತಿದೆ: ಅದು ಫ್ಲೇಕಿ. ಆ ಪಟ್ಟಿಗೆ ಕಳಿಸಿ.
- ಒಂದೇ ತೆರೆದ ಟಿಕೆಟ್‌ಗೆ ಸಂಬಂಧವಿಲ್ಲದ ಟೆಸ್ಟ್‌ಗಳು ಬಂದು ಸೇರುತ್ತಿವೆ: ಗುರುತು ತೀರಾ ಸಡಿಲ. ಬಹುಮಟ್ಟಿಗೆ ಕೊನೆಯ ಫ್ರೇಮ್ ಯಾವುದೋ ಸಹಾಯಕ ಫಂಕ್ಷನ್ ಆಗಿರುತ್ತದೆ.
- ವಾರಗಟ್ಟಲೆ ಒಂದೂ ಹೊಸ ಟಿಕೆಟ್ ಇಲ್ಲ: ಖುಷಿಪಡುವ ಮುಂಚೆ ಬೇಕೆಂದೇ ಬೀಳುವ ಒಂದು ಟೆಸ್ಟ್ ಸೇರಿಸಿ ಖಾಲಿ ರೆಪೊದ ಮೇಲೆ ಓಡಿಸಿ. ಟಿಕೆಟ್ ಬೀಳದಿದ್ದರೆ ಹಂತ 2ರ ಪೈಪ್‌ಫೇಲ್‌ನಿಂದ ಹುಡುಕಲು ಶುರು ಮಾಡಿ.
- ಟೀಮ್‌ನವರು ಲಾಗ್ ಓದದೆ ‘ಮತ್ತೆ ಓಡಿಸಿ ನೋಡಿ’ ಅಂತ ಟಿಕೆಟ್ ಮುಚ್ಚುತ್ತಿದ್ದಾರೆ: ಒಂದು ಓಟಕ್ಕೆ ಐದು ಅನ್ನುವ ಮಿತಿಯನ್ನು ಎರಡಕ್ಕೆ ಇಳಿಸಿ, ಮುಚ್ಚಿದವನ್ನು ಅವರ ಜೊತೆ ಕೂತು ಒಂದೊಂದಾಗಿ ನೋಡಿ, ಹಂತ 6ರ ಪರಿಸರದ ಪಟ್ಟಿಗೆ ಸಿಕ್ಕಿದ್ದನ್ನು ಸೇರಿಸಿ.